ಎಲೆ-ಅಡಿಕೆ ಕೊಟ್ಟು ಕರೆದವರು

ಅಕ್ಕ ಕೆಲಸ ಬಿಟ್ಟರಂತೆ ಎಂದು ಛತ್ರದಿಂದ ಫೋನು ಬಂದಾಗ ನಾನು ನಂಬಲಿಲ್ಲ. ಅವರು ನೋಡಿಕೊಳ್ಳುತ್ತಿದ್ದ ಆ ಮನೆಯ ಬೀಗದ ಕೈಗೊಂಚಲು ಅವರ ಸೊಂಟದಿಂದ ಇಳಿದೀತು ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಹೋಗಿ ನೋಡಿದರೆ ಸುದ್ದಿ ನಿಜ. ಮಂಡಿ ನೋವು, ಮೆಟ್ಟಿಲು ಹತ್ತಲಾಗುತ್ತಿಲ್ಲ. ಗೊಂಚಲು ಈಗ ಒಬ್ಬ ಚುರುಕು ಹುಡುಗಿಯ ಕೈಯಲ್ಲಿದೆ. ಅಕ್ಕ ಹಿಂದಿನ ಕೋಣೆಯಲ್ಲಿ ಕೂತು ಆ ಹುಡುಗಿಗೆ ಬೆಳಗಿನಿಂದ ಸಂಜೆಯವರೆಗೆ ಸಲಹೆ ಕೊಡುತ್ತಿದ್ದಾರೆ. ಬಿಟ್ಟಿರುವುದು ಸಂಬಳವನ್ನು ಮಾತ್ರ ಎಂದು ನನಗೆ ಅರ್ಥವಾಯಿತು. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ ಮೊದಲು ಬೇಡವೆಂದರು, ಆಮೇಲೆ ಹೆಸರು ಹಾಕಬಾರದು ಎಂಬ ಕರಾರಿನ ಮೇಲೆ ಒಪ್ಪಿದರು. ಅಲ್ಲಿ ಎಲ್ಲರೂ, ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರು ಕೂಡ, ಅವರನ್ನು ಅಕ್ಕ ಎಂದೇ ಕರೆಯುವುದು. ನಾನೂ ಹಾಗೇ ಕರೆಯುತ್ತೇನೆ.

ಛತ್ರ ಎಂದರೆ ಮದುವೆ ಛತ್ರವಲ್ಲ. ಬಿನ್ನಿಪೇಟೆಯಿಂದ ಮಾಗಡಿ ರಸ್ತೆ ಹಿಡಿದು ಗೋವಿಂದರಾಜನಗರದ ಕಡೆ ಬಂದರೆ, ಅಂಗಡಿ ಸಾಲಿನ ಹಿಂದೆ ಹೆಂಚಿನ ಒಂದು ಹಳೆಯ ಕಟ್ಟಡವಿದೆ. ಕೊಬ್ಬರಿ ವ್ಯಾಪಾರದಲ್ಲಿ ಗಳಿಸಿದ ಸಾಹುಕಾರರೊಬ್ಬರು ತಮ್ಮ ತಾಯಿಯ ನೆನಪಿಗೆಂದು ಕಟ್ಟಿಸಿ, ದಿಕ್ಕಿಲ್ಲದ ವಯಸ್ಸಾದವರು ಕೊನೆಯವರೆಗೂ ಇರಲಿ ಎಂದು ಧರ್ಮಕ್ಕೆ ಬಿಟ್ಟ ಮನೆ ಅದು. ಊಟದ ಹಾಲಿನಲ್ಲಿ ಅವರ ದೊಡ್ಡ ಫೋಟೋ ಇದೆ. ಪೇಟ, ಕರಿ ಕೋಟು, ಯಾರನ್ನೋ ಗದರಿಸಿ ಈಗ ತಾನೆ ಕೂತಂತಹ ಮುಖ.

ನಾನು ಅಲ್ಲಿಗೆ ಮೊದಲು ಹೋದದ್ದು ಕೆಲವು ವರ್ಷಗಳ ಹಿಂದೆ. ವಿಜಯನಗರದ ಹೈಸ್ಕೂಲೊಂದರಲ್ಲಿ ಇತಿಹಾಸ ಪಾಠ ಹೇಳಿ ಆಗಷ್ಟೇ ನಿವೃತ್ತಳಾಗಿದ್ದೆ. ನಿವೃತ್ತರಾದ ಟೀಚರಿಗೆ ಕೆಲಸ ಹಚ್ಚಲು ಊರೆಲ್ಲ ಕಾಯುತ್ತಿರುತ್ತದೆ. ಟ್ರಸ್ಟಿನ ಸೆಕ್ರೆಟರಿ, ಅಂದರೆ ಸಾಹುಕಾರರ ಮೊಮ್ಮಗ, ಮನೆಗೇ ಬಂದು, ಛತ್ರದ ವಾರ್ಷಿಕೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ತರುತ್ತಿದ್ದೇವೆ, ಅದರ ಇತಿಹಾಸ ಬರೆದುಕೊಡಿ ಎಂದ. ನನಗೂ ಹೊತ್ತು ಹೋಗಬೇಕಿತ್ತು, ಒಪ್ಪಿಕೊಂಡೆ.

ಮೊದಲ ದಿನ ಗೇಟಿನ ಹತ್ತಿರ ನಿಂತಾಗ ಅಕ್ಕ ಅಂಗಳದ ಆ ತುದಿಯಲ್ಲಿ ಚಾಪೆಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಯಾರು, ಏನು ಎಂದು ಕೂಗುತ್ತಿದ್ದರು. ಇವರು ಚಾಪೆ ಕೆಳಗಿಟ್ಟು, ಕೈ ಒರೆಸಿಕೊಂಡು, ಅಂಗಳ ಪೂರ್ತಿ ದಾಟಿ ನನ್ನ ಎದುರಿಗೆ ಬಂದು ನಿಂತ ಮೇಲೆ ಮೆಲ್ಲಗೆ ಬನ್ನಿ ಎಂದರು. ಸೌಮ್ಯ ಹೆಂಗಸು ಎಂದುಕೊಂಡೆ. ಐದು ನಿಮಿಷದಲ್ಲಿ ಅಡುಗೆಯವನನ್ನು ಬೈಯುವುದು ಕೇಳಿಸಿತು, ಬೀದಿಯವರೆಗೂ ಕೇಳಿಸಿರಬೇಕು. ಬಿನ್ನಿಪೇಟೆಯ ಮಿಲ್ಲಿನಲ್ಲಿ ನೂಲು ಸುತ್ತುವ ಯಂತ್ರಗಳ ನಡುವೆ ವರ್ಷಗಟ್ಟಲೆ ದುಡಿದ ಗಂಟಲು ಅದು. ಬೈಯುವುದು ಎಷ್ಟು ದೂರದಿಂದಲಾದರೂ ಸರಿ, ಕರೆಯುವುದು ಮಾತ್ರ ಹತ್ತಿರ ಹೋಗಿಯೇ. ಯಾಕೆ ಅಕ್ಕ ಎಂದು ಒಮ್ಮೆ ಕೇಳಿದ್ದಕ್ಕೆ, "ದೂರದಿಂದ ಕೂಗಿ ಕರೆಯೋದು ನಾಯೀನ ಮಿಸ್" ಎಂದರು.

ಆ ಮನೆಗೆ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ, ಕರೆಯುತ್ತಿದ್ದರು. ಇಂಥ ಕಡೆ ಒಬ್ಬರು ಕಷ್ಟದಲ್ಲಿದ್ದಾರೆ ಎಂದು ತಿಳಿದರೆ, ಅಕ್ಕ ಮತ್ತು ಮನೆಯ ಇಬ್ಬರು ಹಿರಿಯರು ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ತಟ್ಟೆಯಲ್ಲಿ ಎಲೆ-ಅಡಿಕೆ, ಬಾಳೆಹಣ್ಣು, ಅಕ್ಷತೆ ಇಟ್ಟುಕೊಂಡು ಹೊರಡುತ್ತಿದ್ದರು, ಥೇಟ್ ಮದುವೆಗೆ ಕರೆಯಲು ಹೋಗುವ ಹಾಗೆ. ಹೋಗುವುದು ಬಸ್‌ಸ್ಟ್ಯಾಂಡಿನ ಮೂಲೆಗೋ, ಆಸ್ಪತ್ರೆಯ ವರಾಂಡಕ್ಕೋ, ಮುಚ್ಚಿದ ಅಂಗಡಿಯ ಮೆಟ್ಟಿಲಿಗೋ. ಇದು ಸಾಹುಕಾರರ ಕಾಲದಿಂದ ನಡೆದು ಬಂದದ್ದು ಎಂದು ಅಕ್ಕ ಹೇಳಿದರು. ಸಾಹುಕಾರರು ಚಿಕ್ಕಂದಿನಲ್ಲಿ ಹಸಿದು ಈ ಊರಿಗೆ ಬಂದಾಗ ಯಾರೋ ಒಬ್ಬ ತಾಯಿ ಹೀಗೆ ಎಲೆ-ಅಡಿಕೆ ಕೊಟ್ಟು ಊಟಕ್ಕೆ ಕರೆದರಂತೆ. ಲೇಖನದ ಮೊದಲ ಪುಟ ಸಿಕ್ಕಿತು ಎಂದು ಖುಷಿಪಟ್ಟೆ.

ಕರೆಯುವುದಕ್ಕೆ ಅಕ್ಕನದೇ ಒಂದಷ್ಟು ಕಟ್ಟಳೆಗಳಿದ್ದವು. ಊಟದ ಹೊತ್ತಿಗೆ ಹೋಗಕೂಡದು, ಹಸಿವು ನೋಡಿ ಬಂದರು ಎನಿಸುತ್ತದೆ. ಅವರು ಕೂತಿದ್ದರೆ ನಾವು ನಿಂತು ಮಾತಾಡಕೂಡದು, ಫುಟ್‌ಪಾತ್ ಆದರೂ ಪಕ್ಕದಲ್ಲಿ ಕೂರಬೇಕು. ಪಾಪ ಎಂಬ ಮಾತು ಬಾಯಿಗೆ ಬರಬಾರದು. ನಮ್ಮ ಮನೆಯಲ್ಲಿ ಇರೋಕೆ ಬನ್ನಿ ಎನ್ನಬಾರದು, ಊಟಕ್ಕೆ ಬನ್ನಿ ಎನ್ನಬೇಕು ಅಷ್ಟೆ. ಊಟವಾದ ಮೇಲೆ, ಬಿಸಿಲು ಜಾಸ್ತಿ, ಸಂಜೆ ಹೋಗೋರಂತೆ. ಸಂಜೆಗೆ, ಕತ್ತಲಾಯ್ತು, ಬೆಳಿಗ್ಗೆ ಹೋಗೋರಂತೆ. ಮುದುಕ ಟೈಲರ್ ಒಬ್ಬರು ಹೀಗೆ ಬೆಳಿಗ್ಗೆ ಹೋಗುತ್ತೇನೆಂದು ಚೀಲವನ್ನು ಬಾಗಿಲ ಹಿಂದೆ ಇಟ್ಟವರು, ಆ ಮನೆಯವರಿಗೆಲ್ಲ ದಿಂಬಿನ ಚೀಲ, ಲಂಗ, ಅಂಗಿ ಹೊಲಿದುಕೊಡುತ್ತ ಅಲ್ಲೇ ಇದ್ದರು. ಚೀಲವೂ ಅಲ್ಲೇ ಇತ್ತು.

ಕರೆಸಿಕೊಂಡು ಬಂದವರಲ್ಲಿ ಹೆಚ್ಚಿನವರು ವಿಧವೆಯರು. ಗಂಡ ಹೋದ ಮೇಲೆ ಯಾವ ಮನೆಯಲ್ಲೂ ಯಾರೂ ಅವರ ಕೈಗೆ ಎಲೆ-ಅಡಿಕೆ ಕೊಟ್ಟಿರಲಿಲ್ಲ. ಒಬ್ಬಾಕೆ ತಟ್ಟೆ ನೋಡಿ ಕೈ ಹಿಂದಕ್ಕೆ ಎಳೆದುಕೊಂಡು, ನನಗೆ ಕೊಡಬಾರದು, ನಿಮಗೆ ಗೊತ್ತಿಲ್ಲವೇನೋ ಎಂದರಂತೆ. ಗೊತ್ತಿದೆ ಎಂದು ಅಕ್ಕ ಕೈ ಹಿಡಿದು ಕೊಟ್ಟರಂತೆ. ಟ್ರಸ್ಟಿನ ಹಿರಿಯರೊಬ್ಬರು ಇದಕ್ಕೆ ಮೂಗು ಮುರಿದಾಗಲೂ ಅಕ್ಕ ಫೋಟೋದ ಕಡೆ ಕೈ ತೋರಿಸಿ, ಅವರು ಹಾಕಿಕೊಟ್ಟ ಪದ್ಧತಿ, ನಾನ್ಯಾರು ಬದಲಾಯಿಸೋಕೆ ಎಂದಿದ್ದರು. ಸಾಹುಕಾರರ ಹೆಸರು ಹೇಳಿದ ಮೇಲೆ ಅಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಎಡವಟ್ಟಾದದ್ದು ನಾನು ಹೋಗಿ ಬಂದು ಮಾಡುತ್ತಿದ್ದ ಆ ದಿನಗಳಲ್ಲೇ. ಅಕ್ಕನಿಗೆ ಜ್ವರ ಬಂದು ಮಲಗಿದ್ದಾಗ, ಟೈಲರ್ ಅಜ್ಜ ಮತ್ತು ಇಬ್ಬರು ಅಜ್ಜಿಯರು ತಾವೇ ಮುಂದಾಗಿ ತಟ್ಟೆ ಹಿಡಿದು ಹೋಗಿ, ಪಾರ್ಕಿನ ಬೆಂಚಿನಲ್ಲಿ ದಿನವೂ ಹರಿದ ಸ್ವೆಟರ್ ಹಾಕಿಕೊಂಡು ಒಬ್ಬರೇ ಕೂರುತ್ತಿದ್ದ ಮುದುಕರೊಬ್ಬರನ್ನು ಕರೆದುಕೊಂಡು ಬಂದರು. ಅವರು ಒಂದು ಮಾತೂ ಆಡದೆ ಎಲೆ-ಅಡಿಕೆ ತೆಗೆದುಕೊಂಡು ಎದ್ದು ಬಂದು, ಉಂಡು, ಚಾಪೆ ಹಾಕಿಕೊಟ್ಟಲ್ಲಿ ಮಲಗಿ ನಿದ್ದೆ ಹೋದರು. ಸಂಜೆ ಹೊತ್ತಿಗೆ ಅವರನ್ನು ಹುಡುಕಿಕೊಂಡು ಕಾರು ಬಂತು. ನೋಡಿದರೆ ಅವರು ಅದೇ ಬೀದಿಯ ಎರಡು ಬಿಲ್ಡಿಂಗುಗಳ ಮಾಲೀಕರು. ಆ ಸ್ವೆಟರ್ ಹೆಂಡತಿ ಹೆಣೆದದ್ದು, ಅದಕ್ಕೇ ಬಿಸಾಡಿರಲಿಲ್ಲ. ಕರೆದವರ ಮುಖ ಸಣ್ಣಗಾಯಿತು. ಹಾಗಾದರೆ ನೀವು ಯಾಕೆ ಬಂದಿರಿ ಎಂದು ಟೈಲರ್ ಅಜ್ಜ ಕೇಳಿದರು. ಕರೆದರಲ್ಲ ಎಂದರು ಅವರು.

ಅಕ್ಕ ಜ್ವರದಲ್ಲೇ ಎದ್ದು ಕೂತು ತೀರ್ಪು ಕೊಟ್ಟರು. ಎಲೆ-ಅಡಿಕೆ ತಗೊಂಡವರು ನಮ್ಮ ನೆಂಟರು, ಯಾವಾಗ ಬೇಕಾದರೂ ಬರಬಹುದು. ಮಾಲೀಕರು ಆಮೇಲೆ ಸೋಮವಾರ ಸೋಮವಾರ ಬಂದು, ಕೂತು ಹುರುಳಿಕಾಯಿ ನಾರು ತೆಗೆದು, ಉಂಡು ಹೋಗುತ್ತಿದ್ದರು. ನನಗಂತೂ ಆ ದೃಶ್ಯ ಬಹಳ ಇಷ್ಟವಾಗಿತ್ತು. ಸೆಕ್ರೆಟರಿಗೆ ಮಾತ್ರ ತಲೆ ಕೆಟ್ಟಿತು. ಅವನದೂ ತಪ್ಪೆನ್ನಲಾರೆ. ಧರ್ಮದ ಅಕ್ಕಿಯಲ್ಲಿ ಬಿಲ್ಡಿಂಗ್ ಓನರಿಗೆ ಊಟ ಹಾಕಿದಿರಿ ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವನು ಅವನು. ಇನ್ನು ಮುಂದೆ ಬೇಕಾದವರು ತಾವೇ ಛತ್ರಕ್ಕೆ ಬಂದು ಅರ್ಜಿ ಹಾಕಲಿ, ನಾವು ವಿಚಾರಿಸಿ ಸೇರಿಸಿಕೊಳ್ಳೋಣ, ಈ ಮೆರವಣಿಗೆ ಸಾಕು ಎಂದ. ಬರುವ ಭಾನುವಾರದ ಸಭೆಯಲ್ಲಿ ತೀರ್ಮಾನ ಎಂದೂ ಹೇಳಿಹೋದ.

ಅಕ್ಕ ಕಂಗಾಲಾದದ್ದನ್ನು ನಾನು ಮೊದಲ ಸಲ ನೋಡಿದೆ. ಯಾಕೆಂದರೆ ಅದೇ ವೇಳೆಗೆ ಅವರು ಲಗ್ಗೆರೆಯ ಒಬ್ಬ ಹೆಂಗಸಿನ ಬೆನ್ನು ಹತ್ತಿದ್ದರು. ಗದಗದ ಕಡೆಯಿಂದ ಕಟ್ಟಡದ ಕೂಲಿಗೆ ಬಂದ ಗುಂಪಿನಲ್ಲಿದ್ದವಳು. ಗುಂಪು ಬೇರೆ ಊರಿಗೆ ಹೋಯಿತು. ಇವಳಿಗೆ ಕಾಲು ಊದಿ ನಡೆಯಲಾಗದೆ, ಅರ್ಧ ಕಟ್ಟಿ ನಿಲ್ಲಿಸಿದ ಮನೆಯೊಂದರ ಮೆಟ್ಟಿಲ ಕೆಳಗೆ ಉಳಿದುಬಿಟ್ಟಿದ್ದಳು. ಅಕ್ಕ ಎರಡು ಸಲ ತಟ್ಟೆ ಹಿಡಿದು ಹೋಗಿದ್ದರು. ಎರಡು ಸಲವೂ ಅವಳು ಎಲೆ-ಅಡಿಕೆ ಮುಟ್ಟಿರಲಿಲ್ಲ. ಗುರುತಿಲ್ಲದ ಮಂದಿಯ ನಡುವೆ ಒಬ್ಬಳೇ ಹೋಗಿ ಹೆಂಗ ಕೂತು ಉಣ್ಣಲಿ ಎಂದಿದ್ದಳಂತೆ. ಕರೆದರೇ ಬಾರದವಳು ಅರ್ಜಿ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆಯೇ? ಮಳೆಗಾಲ ಬರುತ್ತೆ ಮಿಸ್, ಆ ಮೆಟ್ಟಿಲ ಕೆಳಗೆ ನೀರು ನುಗ್ಗುತ್ತೆ ಎಂದು ಅಕ್ಕ ಮತ್ತೆ ಮತ್ತೆ ಹೇಳಿದರು.

ನಾನು ಧೈರ್ಯ ಹೇಳಿದೆ. ಸಾಹುಕಾರರ ಕಾಲದ ಪದ್ಧತಿಯನ್ನು ಮೊಮ್ಮಗ ಮುರಿಯುತ್ತಾನೆಯೇ, ನಾನು ಗಟ್ಟಿಯಾಗಿ ಬರೆಯುತ್ತೇನೆ, ಸಾಕ್ಷಿಗೆ ಸಾಹುಕಾರರ ಮಗಳನ್ನೇ ಕೇಳಿಕೊಂಡು ಬರುತ್ತೇನೆ ಎಂದೆ. ಅಕ್ಕ ಎದ್ದು ಒಳಗೆ ಹೋದರು.

ಸಾಹುಕಾರರ ಮಗಳು ರಾಜಾಜಿನಗರದಲ್ಲಿದ್ದರು, ಎಂಬತ್ತರ ಹತ್ತಿರದವರು, ಕೋಲು ಹಿಡಿದು ನಡೆಯುತ್ತಿದ್ದರು. ನಾನು ಎಲೆ-ಅಡಿಕೆಯ ಕಥೆ ಹೇಳಿದಾಗ ಅವರು ಪೂರ್ತಿ ಕೇಳಿ, ನಮ್ಮಪ್ಪ ಹಾಗೆಲ್ಲ ಮಾಡಲಿಲ್ಲವಲ್ಲಮ್ಮ ಎಂದರು. ಬಂದವರನ್ನು ಅಪ್ಪ ಗೇಟಿನ ಹತ್ತಿರ ಸಾಲಾಗಿ ನಿಲ್ಲಿಸುತ್ತಿದ್ದರಂತೆ. ಅಂಗೈ ತೋರಿಸಬೇಕು, ದುಡಿದ ಕೈಯೋ ಸೋಮಾರಿ ಕೈಯೋ ಎಂದು ನೋಡುತ್ತಿದ್ದರಂತೆ. ಒಳಗೆ ಬಿಟ್ಟ ಮೇಲೆ ಊಟಕ್ಕೆ ಮೊದಲು ಎಲ್ಲರೂ ಅವರ ತಾಯಿಯ ಹೆಸರು ಹೇಳಿ ಕೈ ಮುಗಿಯಬೇಕಿತ್ತಂತೆ. ಹಸಿದು ಈ ಊರಿಗೆ ಬಂದದ್ದೂ ಸುಳ್ಳು. ಅಪ್ಪನ ಅಪ್ಪನಿಗೇ ಇಲ್ಲಿ ಕೊಬ್ಬರಿ ಮಂಡಿ ಇತ್ತು ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವಳ ಕಿವಿಗೆ ಹೂವಿಟ್ಟರಲ್ಲ ಎಂದು ಆಟೋ ಹಿಡಿದು ನೇರ ಛತ್ರಕ್ಕೆ ಹೋದೆ. ಅಕ್ಕ ಹಿತ್ತಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನನ್ನ ಮುಖ ನೋಡಿಯೇ ತಿಳಿದುಕೊಂಡು, ಪಕ್ಕದ ಮಣೆ ಸರಿಸಿ ಕೂರಲು ಹೇಳಿ, ತಾವೇ ಶುರು ಮಾಡಿದರು. ಮಿಲ್ಲಿನ ಕೆಲಸ ಹೋಗಿ ಅಡುಗೆಮನೆಗೆ ಸಹಾಯಕ್ಕೆಂದು ಅಲ್ಲಿಗೆ ಬಂದ ಹೊಸತು. ಸಾಹುಕಾರರು ತೀರಿಕೊಂಡು ವರ್ಷಗಳಾಗಿದ್ದರೂ ಗೇಟಿನ ಸಾಲು, ಅಂಗೈ ತೋರಿಸುವುದು ನಡೆದೇ ಇತ್ತು. ಒಂದು ಶುಕ್ರವಾರ ಸಾಲಿನಲ್ಲಿ ಮಿಲ್ಲಿನ ಹಳೆಯ ಜೊತೆಗಾತಿ ಕಂಡಳು. ಅವಳ ಸರದಿ ಬಂದು, ಛತ್ರದ ಆಗಿನ ಮ್ಯಾನೇಜರ್ ಕೈ ತೋರಿಸು ಎಂದಾಗ, ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ತಿರುಗಿ ನಡೆದೇಬಿಟ್ಟಳು. ಅಕ್ಕನ ಕೈಯಲ್ಲಿ ದೇವರ ಮುಂದಿಡಲು ತಂದ ಎಲೆ-ಅಡಿಕೆಯ ತಟ್ಟೆ ಇತ್ತು. ಅದನ್ನೇ ಹಿಡಿದು ಹಿಂದೆ ಓಡಿದರು. ಏನು ಹೇಳಬೇಕೋ ತೋಚದೆ, ನಮ್ಮನೇಲಿ ಊಟಕ್ಕೆ ಬಾರೇ ಎಂದರು. ಅವಳು ಬಂದಳು. ಮ್ಯಾನೇಜರ್ ಇದೇನು ಹೊಸ ಆಟ ಎಂದು ಗದರಿದಾಗ, ಸಾಹುಕಾರರು ಮೊದಲು ಹೀಗೇ ಮಾಡ್ತಿದ್ದರಂತೆ ಸಾರ್, ಹಳಬರು ಹೇಳ್ತಾರೆ ಎಂದರು. ಅವನು ಸಾಹುಕಾರರನ್ನು ಕಂಡವನಲ್ಲ, ನಂಬಿದ.

"ಒಂದು ದಿನಕ್ಕೆ ಅಂತ ಹೇಳಿದ ಸುಳ್ಳು ಮಿಸ್, ಇಲ್ಲೀವರೆಗೂ ಬಂತು. ಆದ್ರೆ ನೀವು ಬರೀಬೇಡಿ, ನಿಮ್ಮ ಕೈಲಿ ಸುಳ್ಳು ಬರೆಸಿದ ಪಾಪ ನನಗೆ ಬೇಡ. ಲಗ್ಗೆರೆ ಆಯಮ್ಮ ಬರೋವರ್ಗೂ ನಿಜ ಹೇಳ್ದೆ ತಡ್ಕೊಳ್ಳಿ ಅಷ್ಟೆ."

ನನ್ನ ಸಿಟ್ಟು ಇಳಿಯಿತೋ ಇಲ್ಲವೋ ಹೇಳಲಾರೆ. ಒಂದು ಮುಷ್ಟಿ ಬೆಳ್ಳುಳ್ಳಿ ಎಳೆದುಕೊಂಡು ನಾನೂ ಸುಲಿಯಲು ಕೂತೆ.

ಭಾನುವಾರ ಊಟದ ಹಾಲಿನಲ್ಲಿ ಸಭೆ. ಟ್ರಸ್ಟಿನವರು ಮುಂದೆ, ಮನೆಯವರು ಹಿಂದೆ ಗೋಡೆಗೆ ಒರಗಿ. ಸಾಹುಕಾರರ ಮಗಳೂ ಬಂದಿದ್ದರು, ನಾನು ಹೋಗಿ ಬಂದ ಮೇಲೆ ಅವರಿಗೂ ಕುತೂಹಲ ಹುಟ್ಟಿತ್ತೆಂದು ಕಾಣುತ್ತದೆ. ಸೆಕ್ರೆಟರಿ ತನ್ನ ಮಾತನ್ನು ಸಮಾಧಾನವಾಗಿಯೇ ಹೇಳಿದ. ಕೊನೆಗೆ ನನ್ನ ಕಡೆ ತಿರುಗಿ, "ಮಿಸ್, ನೀವು ಹಿಸ್ಟರಿ ಬರೀತಿದ್ದೀರ. ಇದು ತಾತನ ಕಾಲದ ಪದ್ಧತಿ ಅಂದ್ರೆ ನಾನು ಕೈ ಹಾಕಲ್ಲ. ಅಲ್ಲ ಅಂದ್ರೆ ಅರ್ಜಿ. ನೀವೇ ಹೇಳಿ" ಎಂದ.

ಎದ್ದು ನಿಂತೆ. ಹೌದು ಎಂದರೆ ಸುಳ್ಳು, ಎದುರಿಗೇ ಸಾಹುಕಾರರ ಮಗಳು ಕೂತಿದ್ದಾರೆ. ಅಲ್ಲ ಎಂದರೆ ಲಗ್ಗೆರೆಯ ಮೆಟ್ಟಿಲ ಕೆಳಗೆ ನೀರು. ಅಷ್ಟರಲ್ಲಿ ಹಿಂದಿನ ಗೋಡೆಯಿಂದ ಅಕ್ಕ ಎದ್ದರು. ಅಲ್ಲಿಂದಲೇ ಮಾತಾಡಿದ್ದರೂ ಆ ಗಂಟಲು ಎಲ್ಲರಿಗೂ ಕೇಳಿಸುತ್ತಿತ್ತು. ಆದರೆ ಹಾಲಿನ ಉದ್ದಕ್ಕೂ ನಡೆದು ಬಂದು, ನನ್ನ ತೋಳು ಮುಟ್ಟಿ ಕೂತ್ಕೊಳ್ಳಿ ಎಂದು, ಸೆಕ್ರೆಟರಿಯ ಎದುರಿಗೆ ನಿಂತರು.

"ಸಾಹುಕಾರರದ್ದಲ್ಲ ಸಾರ್. ನಾನು ಶುರು ಮಾಡಿದ್ದು. ಅವರ ಹೆಸರು ಹೇಳಿ ನಡೆಸ್ಕೊಂಡು ಬಂದೆ. ನನ್ನ ಬೇಕಾದ್ರೆ ಕಳಿಸಿ, ಇದನ್ನ ನಿಲ್ಲಿಸ್ಬೇಡಿ."

ಟೈಲರ್ ಅಜ್ಜ ಫೋಟೋ ನೋಡುತ್ತಿದ್ದರು, ತಮ್ಮನ್ನು ಅಂದು ನಿಜಕ್ಕೂ ಕರೆದದ್ದು ಯಾರು ಎಂದು ಹೊಸದಾಗಿ ಲೆಕ್ಕ ಹಾಕುವವರ ಹಾಗೆ. ಸಾಹುಕಾರರ ಮಗಳು ಅಕ್ಕನನ್ನು ಹತ್ತಿರ ಕರೆದು ಎಲ್ಲವನ್ನೂ ಕೇಳಿದರು. ಆ ಶುಕ್ರವಾರದ ಜೊತೆಗಾತಿಯ ವಿಷಯ ಬಂದಾಗ, ಅವಳು ತಿರುಗಿ ಬಂದಳಾ ಎಂದು ಎರಡು ಸಲ ಕೇಳಿದರು. ಬಂದಳು ಅಮ್ಮಾವ್ರೇ, ಕೊನೇವರೆಗೂ ಇಲ್ಲೇ ಇದ್ದಳು ಎಂದು ಅಕ್ಕ ಹೇಳಿದ ಮೇಲೆ ಅವರು ಕೋಲಿನ ಮೇಲೆ ಎರಡೂ ಕೈ ಇಟ್ಟರು. ಚಿಕ್ಕವಳಿದ್ದಾಗ ನಾನು ಅಪ್ಪನ ಪಕ್ಕ ಗೇಟಿನಲ್ಲಿ ನಿಂತಿರುತ್ತಿದ್ದೆ, ಹಾಗೆ ತಿರುಗಿ ಹೋದವರ ಬೆನ್ನು ನೋಡಿದ್ದೇನೆ ಎಂದರು. ಆಮೇಲೆ ಸೋದರಳಿಯ ಸೆಕ್ರೆಟರಿಯ ಕಡೆ ತಿರುಗಿದರು.

"ಇದು ನಮ್ಮಪ್ಪನ ಪದ್ಧತಿ ಅಲ್ಲ ಕಣೋ. ಅದಕ್ಕೇ ಹೇಳ್ತಿದೀನಿ, ಇರ್ಲಿ."

ಸೆಕ್ರೆಟರಿ ಸುಲಭಕ್ಕೆ ಸೋಲುವವನಲ್ಲ. ಇರಲಿ ಅತ್ತೆ, ಆದರೆ ಲಗ್ಗೆರೆಯವರು ಎರಡು ಸಲ ಕರೆದರೂ ಬಂದಿಲ್ಲವಲ್ಲ, ಬಾರದಿದ್ದರೆ ಈ ಪದ್ಧತಿ ಇಟ್ಟುಕೊಂಡು ಏನು ಮಾಡುವುದು ಎಂದ. ಹಾಗಾದರೆ ನಡಿ, ಮೂರನೆಯ ಸಲ ನಾನೂ ಹೋಗುತ್ತೇನೆ ಎಂದು ಅವರು ಕೋಲೂರಿ ಎದ್ದೇಬಿಟ್ಟರು.

ಸೆಕ್ರೆಟರಿಯೇ ಕಾರು ಓಡಿಸಿದ. ಊಟದ ಹೊತ್ತು ಮೀರಲಿ ಎಂದು ಅಕ್ಕ ಎಲ್ಲರನ್ನೂ ಕಾಯಿಸಿ, ಆಮೇಲೆ ಹೊರಡಿಸಿದರು. ದಾರಿಯುದ್ದಕ್ಕೂ ಸಾಹುಕಾರರ ಮಗಳಿಗೆ ಪಾಠ, ಏನು ಹೇಳಬೇಕು, ಏನು ಹೇಳಬಾರದು, ಎಲ್ಲಿ ಕೂರಬೇಕು. ಅವರು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸುತ್ತಿದ್ದರು.

ಆ ಹೆಂಗಸು ಮೆಟ್ಟಿಲ ಕೆಳಗೆ ಕಾಲು ಚಾಚಿ ಕೂತಿದ್ದಳು. ಅಕ್ಕ ಮರಳಿನ ಮೇಲೆ ಕೂತರು, ನಾನೂ ಕೂತೆ. ಸಾಹುಕಾರರ ಮಗಳಿಗೆ ನೆಲಕ್ಕೆ ಕೂರಲಾಗದು. ಮೊದಲ ಪಾಠವೇ ತಪ್ಪಿತಲ್ಲ ಎಂದು ಅವರು ಒದ್ದಾಡುವುದನ್ನು ನೋಡಿ, ಆ ಹೆಂಗಸು ಸಿಮೆಂಟಿನ ಬಕೆಟ್ಟೊಂದನ್ನು ಎಳೆದು ಬೋರಲು ಹಾಕಿ ಸೆರಗಿನಿಂದ ಒರೆಸಿದಳು. "ಕುಂಡ್ರ್ರಿ ಅವ್ವಾರ. ಹಿರ್ಯಾರು ನಿಂತರ ನಾ ಹ್ಯಾಂಗ ಮಾತಾಡ್ಲಿ" ಎಂದಳು. ಕೂತ ಮೇಲೆ ಡಬ್ಬಿಯಿಂದ ಒಂದು ಚೂರು ಬೆಲ್ಲ, ಸ್ಟೀಲು ಲೋಟದಲ್ಲಿ ನೀರು ಕೊಟ್ಟಳು. ಮನೆಗೆ ಬಂದವರಿಗೆ ಅವರ ಕಡೆ ಹಾಗೆ ಕೊಡುತ್ತಾರೆ. ಸಾಹುಕಾರರ ಮಗಳು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅಕ್ಕ ತಟ್ಟೆಯನ್ನು ಅವರ ಕೈಗೆ ಕೊಟ್ಟರು.

ಅವರಿಗೆ ಪಾಠವೆಲ್ಲ ಮರೆತುಹೋಗಿತ್ತು. ಅಕ್ಕ ತುಟಿಯಲ್ಲೇ ಊಟಕ್ಕೆ ಬನ್ನಿ, ಊಟಕ್ಕೆ ಬನ್ನಿ ಎಂದು ಹೇಳಿಕೊಡುತ್ತಿದ್ದರು.

"ನಮ್ಮನೇಲಿ ಊಟಕ್ಕೆ ಬನ್ನಿ," ಎಂದರು ಅವರು. ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. "ನಮ್ಮಪ್ಪ ಕಟ್ಟಿದ ಮನೆ. ನಾನು ಅಲ್ಲಿ ಒಂದು ದಿನಾನೂ ಕೂತು ಉಂಡಿಲ್ಲ. ಯಾರೂ ಗುರುತಿಲ್ಲ ನಂಗೆ. ಒಬ್ಬಳೇ ಕೂರೋಕೆ ಸಂಕೋಚ."

ಆ ಹೆಂಗಸು ಅವರನ್ನೇ ನೋಡಿದಳು. ಆಮೇಲೆ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಗು.

"ಹಂಗಾರ ಇಬ್ರೂ ಹೊಸಬ್ರ ಅಂದಂಗಾತು. ನಡೀರಿ, ನಾ ನಿಮ್ಮ ಬಾಜೂಕ ಕುಂಡ್ರತೀನಿ" ಎಂದು ಎರಡೂ ಕೈ ಚಾಚಿ ಎಲೆ-ಅಡಿಕೆ ತೆಗೆದುಕೊಂಡಳು.

ಅವಳ ಗಂಟು, ಡಬ್ಬಿ, ಊದಿದ ಕಾಲು ಎಲ್ಲ ಸೇರಿ ಕಾರಿನಲ್ಲಿ ಜಾಗ ಸಾಲಲಿಲ್ಲ. ನಾನು ಮತ್ತು ಅಕ್ಕ ಬಸ್ಸಿಗೆ ನಡೆದೆವು. ಅಕ್ಕ ಖಾಲಿ ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ನಡೆದರು. ಸಂತೋಷಕ್ಕೆ ಅಳುತ್ತಿದ್ದಾರೆಂದು ಮೊದಲು ಅಂದುಕೊಂಡೆ. ಅವರು ಯೋಚಿಸುತ್ತಿದ್ದರು.

"ಇಷ್ಟು ವರ್ಷ ಎಷ್ಟೊಂದು ಜನನ್ನ ಊಟಕ್ಕೆ ಕರೆದೆ ಮಿಸ್. ನಾನೂ ನಿಮ್ಮ ಜೊತೆ ಕೂರ್ತೀನಿ ಅಂತ ಒಬ್ಬರಿಗೂ ಹೇಳಿರ್ಲಿಲ್ಲ ನೋಡಿ" ಎಂದರು.

ಆಗ ನನಗೂ ಹೊಳೆಯಿತು. ಅಕ್ಕ ಊಟ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ಎಲ್ಲರದೂ ಆದ ಮೇಲೆ, ಅಡುಗೆಮನೆಯಲ್ಲಿ, ಪಾತ್ರೆಗಳ ನಡುವೆ ನಿಂತೇ ಉಂಡು ಮುಗಿಸುತ್ತಿದ್ದರಂತೆ.

ಆ ಸಂಜೆ ಪಂಕ್ತಿಯಲ್ಲಿ ಸಾಹುಕಾರರ ಮಗಳಿಗೆ ಕುರ್ಚಿ-ಮೇಜು ಹಾಕಿದರು, ಅವರ ಪಕ್ಕದಲ್ಲಿ ಲಗ್ಗೆರೆಯವಳು ಇನ್ನೊಂದು ಕುರ್ಚಿಯಲ್ಲಿ. ಅಡುಗೆಯವನು ಸಾರಿನ ಪಾತ್ರೆ ತಂದು ಎಂದಿನಂತೆ ಅಕ್ಕನ ಕೈಗೆ ಕೊಡಲು ಬಂದ. ಅಕ್ಕ ತೆಗೆದುಕೊಳ್ಳಲಿಲ್ಲ. ಸಾಲಿನ ಕೊನೆಗೆ ಹೋಗಿ, ಟೈಲರ್ ಅಜ್ಜನ ಪಕ್ಕ ಒಂದು ಎಲೆ ಹಾಕಿಕೊಂಡು, ಹೊಸ ನೆಂಟರ ಹಾಗೆ ಸೆರಗು ಸರಿ ಮಾಡಿಕೊಂಡು ಕೂತರು. ಪಾತ್ರೆ ಹಿಡಿದವನು ಯಾರಿಗೆ ಕೊಡುವುದೆಂದು ತಿಳಿಯದೆ ನಿಂತ. ಸೆಕ್ರೆಟರಿ ಅಂಗಿಯ ತೋಳು ಮಡಚಿ ಅದನ್ನು ಇಸಿದುಕೊಂಡ. ಅವನಿಗೆ ಬಡಿಸಿ ಅಭ್ಯಾಸವಿಲ್ಲ, ಸಾರು ಅನ್ನಕ್ಕಿಂತ ಹೆಚ್ಚಾಗಿ ನೆಲಕ್ಕೇ ಬಿತ್ತು. ಅಕ್ಕನ ಎಲೆಯ ಹತ್ತಿರ ಬಂದಾಗ ಅವನು ದೂರದಿಂದ ಕೇಳದೆ, ಬಗ್ಗಿ, ಅವರಿಗೆ ಮಾತ್ರ ಕೇಳುವ ಹಾಗೆ, "ಅಕ್ಕ, ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದ.